ವಾರದೊಪ್ಪತ್ತಿನ ಕೆಲಸವೇ?

ಮಾನ್ಯ ಸಂಪಾದಕರಿಗೆ,

ಕಳೆದ ಭಾನುವಾರದ ಸಭೆಯಲ್ಲಿ ಮುಖ್ಯ ಭಾಷಣಕಾರರು, ಸಿಯಾಚಿನ್ ಹಿಮನದಿಯ ವ್ಯಾಜ್ಯವನ್ನು ಇತ್ಯರ್ಥಗೊಳಿಸುವುದು ನಮ್ಮ ಸೇನೆಗೆ ವಾರದೊಪ್ಪತ್ತಿನ ಕೆಲಸವೆಂದೂ ಸರ್ಕಾರದ ಅಪ್ಪಣೆಯೊಂದೇ ಬಾಕಿಯೆಂದೂ ಘೋಷಿಸಿ ಕರತಾಡನ ಗಿಟ್ಟಿಸಿದುದನ್ನು ತಾವು ಮುಖಪುಟದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚುಹಾಕಿದ್ದೀರಿ. ಧಾರವಾಡ ಜಿಲ್ಲೆಯವನಾದ ನನಗೆ ಅದನ್ನು ಓದಿ ಸುಮ್ಮನಿರಲಾಗಲಿಲ್ಲ.

2016ರ ಫೆಬ್ರವರಿ 3ರಂದು, ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆಯೇ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋಗಿ, ಆರು ದಿನಗಳ ತರುವಾಯ ನೀರ್ಗಲ್ಲನ್ನು ಕೊರೆದು ತೆಗೆದಾಗ ಇನ್ನೂ ಉಸಿರಾಡುತ್ತಿದ್ದವರು ನಮ್ಮ ಜಿಲ್ಲೆಯ ಕುಂದಗೋಳ ಸೀಮೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು. 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು. ಅವರನ್ನು ಬಲಿತೆಗೆದುಕೊಂಡದ್ದು ಶತ್ರುವಿನ ಗುಂಡಲ್ಲ. ಆಚೆಯವರ ಗತಿಯೂ ಅದೇ: 2012ರ ಏಪ್ರಿಲಿನಲ್ಲಿ ಗಯಾರಿಯ ಪಾಕಿಸ್ತಾನಿ ಶಿಬಿರವು 140 ಮಂದಿಯ ಸಮೇತ ಹಿಮದಡಿ ಸೇರಿತು. ಬರಿಗೈಯಿಂದ ಬಂದೂಕನ್ನು ಮುಟ್ಟಿದರೆ ಚರ್ಮವೇ ಅಂಟಿಕೊಂಡು ಕಿತ್ತುಬರುವ, ಬಿರುಕಿನೊಳಗೆ ಒಬ್ಬ ಜಾರಿದರೆ ಉಳಿದವರು ಎಳೆದುಕೊಳ್ಳಲೆಂದು ಎಲ್ಲರೂ ಒಂದೇ ಹಗ್ಗಕ್ಕೆ ಬಿಗಿದುಕೊಂಡು ನಡೆಯಬೇಕಾದ ಆ ಸ್ಥಳದಲ್ಲಿ ವಾರದೊಪ್ಪತ್ತಿನ ಕೆಲಸ ಯಾವುದೆಂಬುದನ್ನು ಭಾಷಣಕಾರರು ಹೇಳಬೇಕಿತ್ತು. ಅವರು ಹೇಳದಿದ್ದರೆ, ಪತ್ರಿಕೆಯವರಾದ ತಾವಾದರೂ ಕೇಳಬೇಕಿತ್ತು.

ಇಷ್ಟು ಸಾಲದೆಂಬಂತೆ ಆ ವರದಿಯ ಪಕ್ಕದಲ್ಲಿ ತಾವು ಮುದ್ರಿಸಿರುವ ನಕ್ಷೆಯನ್ನು ನೋಡಿ ನನಗೆ ದಿಗಿಲಾಯಿತು. 1949ರ ಕರಾಚಿ ಒಪ್ಪಂದವು ಎರಡೂ ದೇಶಗಳ ನಡುವಣ ಕದನವಿರಾಮ ರೇಖೆಯನ್ನು ಖೋರ್‌ನಿಂದ ಮುಂದಕ್ಕೆ 'ಉತ್ತರಾಭಿಮುಖವಾಗಿ ಹಿಮನದಿಗಳವರೆಗೆ' ಎಂದಷ್ಟೇ ಬರೆದು ಕೈಬಿಟ್ಟಿತು. 1972ರ ನಿಯಂತ್ರಣ ರೇಖೆಯೂ ಎನ್‌ಜೆ 9842 ಎಂಬ ಬಿಂದುವಿನಲ್ಲಿ ನಿಂತುಹೋಯಿತು. ಅಲ್ಲಿಂದಾಚೆಗೆ ಗೆರೆಯಿಲ್ಲದ ಕಾರಣದಿಂದಲೇ 1984ರ ಏಪ್ರಿಲ್ 13ರಂದು ನಮ್ಮ ಯೋಧರು ಸಾಲ್ತೊರೊ ಶ್ರೇಣಿಯ ಕಣಿವೆದಾರಿಗಳನ್ನು ವಶಪಡಿಸಿಕೊಳ್ಳಬೇಕಾಯಿತು. ತಮ್ಮ ನಕ್ಷೆಯಾದರೋ ಆ ಬಿಂದುವಿನಿಂದ ಈಶಾನ್ಯಕ್ಕೆ, ನೇರವಾಗಿ ಕಾರಾಕೋರಂ ಕಣಿವೆದಾರಿಯವರೆಗೆ ಗೆರೆಯೆಳೆದಿದೆ. ಅದು ಪಾಕಿಸ್ತಾನವು ಸಾಧಿಸುತ್ತ ಬಂದಿರುವ ಗೆರೆ; ಅದರ ಪ್ರಕಾರ ಹಿಮನದಿಯೇ ಅವರ ಪಾಲಿಗೆ ಹೋಗುತ್ತದೆ. ಯುದ್ಧಕ್ಕೆ ಹುರಿದುಂಬಿಸುವ ಪುಟದಲ್ಲೇ, ಯಾವ ನೆಲಕ್ಕಾಗಿ ಹನುಮಂತಪ್ಪನವರು ಪ್ರಾಣ ತೆತ್ತರೋ ಆ ನೆಲವನ್ನು ಪರರಿಗೆ ಬರೆದುಕೊಟ್ಟಿದ್ದೀರಿ. ಮೂವರು ಕನ್ನಡಿಗರನ್ನು ಸೋನಂ ಠಾಣೆಯೊಂದರಲ್ಲೇ ಕಳೆದುಕೊಂಡ ನಾಡಿನ ಪತ್ರಿಕೆಗೆ ಈ ಅಜಾಗರೂಕತೆ ಶೋಭಿಸುವುದಿಲ್ಲ.

ಸರಿಯಾದ ನಕ್ಷೆಯನ್ನು ಒಳಪುಟದ ಮೂಲೆಯಲ್ಲಿ ತುರುಕದೆ, ಅದೇ ಮುಖಪುಟದಲ್ಲಿ, ಅಷ್ಟೇ ಗಾತ್ರದಲ್ಲಿ ಪ್ರಕಟಿಸಬೇಕೆಂದು ಆಗ್ರಹಪೂರ್ವಕವಾಗಿ ಕೋರುತ್ತೇನೆ.

ಇತಿ,
ಧಾರವಾಡ ಜಿಲ್ಲೆಯ ಓದುಗ