ಫ್ಯಾಟ್ ಏರಿತೆಂದು ಹಿಗ್ಗುವ ಮುನ್ನ

ಕರು ಹಾಕಿ ಎರಡು ವಾರ ಕಳೆದ ಸೀಮೆ ಹಸುವಿನ ಹಾಲಿನಲ್ಲಿ ಡೇರಿಯ ಯಂತ್ರ ಇದ್ದಕ್ಕಿದ್ದಂತೆ ಹೆಚ್ಚು ಫ್ಯಾಟ್ ತೋರಿಸಿದರೆ ಮನೆಯವರು ಹಿಗ್ಗುವುದು ಸಹಜ. ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿಯೇ ದರ ಕಟ್ಟುವಾಗ ಅದು ಕೈಗೆ ಬರುವ ಕಾಸು. ಆದರೆ ಆ ದಿನಗಳ ಕೊಬ್ಬು ಎಷ್ಟೋ ಸಲ ತಿಂದ ಮೇವಿನದ್ದಲ್ಲ, ಹಸುವಿನ ಮೈಯೇ ಕರಗಿ ಬಂದದ್ದು. ಹಾಲು ಆರೇಳು ವಾರದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಮೇಯುವ ಶಕ್ತಿ ಪೂರ್ತಿ ಮರಳಲು ಹತ್ತು ಹನ್ನೆರಡು ವಾರ ಬೇಕು. ನಡುವಿನ ಕೊರತೆಯನ್ನು ಹಸು ಮೈಕೊಬ್ಬಿನಿಂದ ತುಂಬಿಕೊಳ್ಳುತ್ತದೆ. ಅದು ಮಿತಿಮೀರಿ ಕರಗಿದರೆ ಯಕೃತ್ತು ಸೋಲುತ್ತದೆ: ಒಂದಷ್ಟು ಕೊಬ್ಬು ಅಲ್ಲೇ ತುಂಬಿಕೊಳ್ಳುತ್ತದೆ, ಒಂದಷ್ಟು ಕೀಟೋನ್ ಆಗಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್ ಲೀಟರಿಗೆ 1.2 ಮಿಲಿಮೋಲ್ ಮುಟ್ಟಿತೆಂದರೆ ಸಾಮಾನ್ಯವಾಗಿ ಅದನ್ನು ಸುಪ್ತ ಕೀಟೋಸಿಸ್ ಎಂದೇ ಎಣಿಸುತ್ತಾರೆ. ರೋಗ ಇನ್ನೂ ಬಲಿತಾಗ ಹಸು ಹಿಂಡಿ, ಬೂಸಾ ಮೂಸಿ ಬಿಟ್ಟು ರಾಗಿ ಹುಲ್ಲಿಗೆ ಬಾಯಿ ಹಾಕುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಉಸಿರಿಗೆ ಸಿಹಿ ವಾಸನೆ ಬರುತ್ತದೆ.

ಇದರ ಬೆಲೆ ತೆರುವುದು ಮೂರ್ನಾಲ್ಕು ತಿಂಗಳ ನಂತರ. ಹಸು ಸರಿಯಾಗಿ ಬೆದೆಗೆ ಬರುವುದಿಲ್ಲ, ಬಂದರೂ ಗಬ್ಬ ನಿಲ್ಲುವುದಿಲ್ಲ. ಬೈಗುಳ ವೀರ್ಯದ ಕಡ್ಡಿಗೋ ಇಂಜೆಕ್ಷನ್ ಹಾಕಿದವನಿಗೋ ಬೀಳುತ್ತದೆ. ಅಮೆರಿಕದ ವಿಜ್ಞಾನಿ ಜ್ಯಾಕ್ ಬ್ರಿಟ್ 1992ರಲ್ಲಿ ಮಂಡಿಸಿದ ವಾದ ಇಲ್ಲಿ ನೆನಪಿಡಬೇಕಾದದ್ದು: ಅಂಡ ಬಲಿಯಲು ಹಲವು ವಾರ ಬೇಕಾದ್ದರಿಂದ, ಮೂರನೇ ತಿಂಗಳಲ್ಲಿ ಬಿಡುಗಡೆಯಾಗುವ ಅಂಡ ಕರು ಹಾಕಿದ ಆಸುಪಾಸಿನ ಹಸಿವಿನ ದಿನಗಳಲ್ಲೇ ಬೆಳೆದಿರುತ್ತದೆ. ಈ ವಾದದ ವಿವರಗಳ ಬಗ್ಗೆ ಚರ್ಚೆ ಇರಬಹುದು. ಕರು ಹಾಕಿದ ಮೇಲೆ ಮೈ ಬಹಳ ಇಳಿದ ಹಸುಗಳು ತಡವಾಗಿ ಗಬ್ಬವಾಗುತ್ತವೆ ಎಂಬುದರಲ್ಲಿ ಹೆಚ್ಚು ತಕರಾರಿಲ್ಲ.

ಹಸುವಿನ ಮೈ ಕರಗುತ್ತಿದೆ ಎಂಬ ಎಚ್ಚರಿಕೆ ನಮ್ಮ ಹಳ್ಳಿ ಡೇರಿಗಳಲ್ಲಿ ದಿನಕ್ಕೆರಡು ಬಾರಿ ದಾಖಲಾಗುತ್ತಲೇ ಇದೆ, ಓದುವವರಿಲ್ಲ. ಸಾವಿರ ಹಸುಗಳ ಫಾರಂನ ಟ್ಯಾಂಕಿನಲ್ಲಿ ಒಂದು ಹಸುವಿನ ತೊಂದರೆ ಕಾಣುವುದಿಲ್ಲ. ಒಂದೋ ಎರಡೋ ಹಸು ಸಾಕುವವರ ಕ್ಯಾನಿನ ಅಂಕಿ ಹೆಚ್ಚುಕಡಿಮೆ ಆ ಹಸುವಿನದ್ದೇ. ಶಕ್ತಿ ಸಾಲದ ಹಸುವಿನ ಹಾಲಿನಲ್ಲಿ ಫ್ಯಾಟ್ ಏರುತ್ತದೆ, ಪ್ರೋಟೀನ್ ಇಳಿಯುವುದರಿಂದ ಎಸ್‌ಎನ್‌ಎಫ್ ತಗ್ಗುತ್ತದೆ. ಎಸ್‌ಎನ್‌ಎಫ್ ತಗ್ಗಿದ ಕೂಡಲೇ ನೀರು ಬೆರೆಸಿದ್ದಾರೆಂದು ಅನುಮಾನಿಸುವುದು ಅನ್ಯಾಯ. ನೀರು ಬಿದ್ದಿದ್ದರೆ ಫ್ಯಾಟೂ ಇಳಿಯಬೇಕಿತ್ತು. ಯಂತ್ರದ ಅಂಕಿ ಅಷ್ಟು ನಿಖರವಲ್ಲ, ಮೊದಲ ದಿನಗಳ ಹಾಲು ಸಹಜವಾಗಿಯೇ ದಪ್ಪ ಎಂಬ ಆಕ್ಷೇಪ ಒಪ್ಪತಕ್ಕದ್ದೇ. ಆದರೆ ಯಂತ್ರದಿಂದ ರೋಗನಿರ್ಣಯ ಬೇಕಿಲ್ಲ, ಯಾವ ಕೊಟ್ಟಿಗೆಗೆ ಹೋಗಿ ನೋಡಬೇಕೆಂಬ ಸುಳಿವು ಸಾಕು. ಉಳಿದದ್ದನ್ನು ಕೈ ಹೇಳುತ್ತದೆ. ಬಾಲದ ಬುಡ, ಸೊಂಟದ ಮೂಳೆ, ಪಕ್ಕೆಲುಬು ಮುಟ್ಟಿ ಒಂದರಿಂದ ಐದರವರೆಗೆ ಅಂಕ ಕೊಡುವ ಕ್ರಮವಿದೆ. ಕರು ಹಾಕುವಾಗ 3ರಿಂದ 3.5 ಇರಬೇಕು, ಆಮೇಲೆ ಅರ್ಧ ಅಂಕಕ್ಕಿಂತ ಹೆಚ್ಚು ಇಳಿಯಬಾರದು.

ಹಡೆದ ಪ್ರಾಣಿ ಬಡವಾಗುವುದು ಪ್ರಕೃತಿ ನಿಯಮ ಎನ್ನುವವರಿದ್ದಾರೆ. ಒಂದು ಕರುವಿಗೆ ಸಾಕಾಗುವಷ್ಟು ಹಾಲು ಕೊಡುವ ಹಸುವಿನ ಮಟ್ಟಿಗೆ ಅದು ನಿಜ. ದಿನಕ್ಕೆ ಇಪ್ಪತ್ತು ಲೀಟರ್ ಕೊಡುವಂತೆ ನಾವೇ ತಳಿ ಬದಲಿಸಿದ ಮೇಲೆ ಹೊಣೆಯೂ ನಮ್ಮದೇ. ಹೆಚ್ಚು ಹಿಂಡಿ ಹಾಕಿದರಾಯಿತು ಎಂಬುದೂ ಪೂರ್ತಿ ಪರಿಹಾರವಲ್ಲ. ಏಕಾಏಕಿ ಸುರಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಇದ್ದ ಹಸಿವೂ ಹೋಗುತ್ತದೆ. ಗಬ್ಬದಲ್ಲೇ ಕೊಬ್ಬಿದ ಹಸು ಕರು ಹಾಕಿದ ಮೇಲೆ ಇನ್ನೂ ಕಡಿಮೆ ಮೇಯುತ್ತದೆ. ಮೇವಿಗೆ ದುಡ್ಡೆಲ್ಲಿ ಎಂಬ ಪ್ರಶ್ನೆಯೇ ಗಟ್ಟಿಯಾದದ್ದು. ಹಾಲು ಬತ್ತಿಸಿದ ಎರಡು ತಿಂಗಳು ಹಸುವಿನಿಂದ ಆದಾಯವಿಲ್ಲ. ಬೂಸಾ ನಿಲ್ಲುವುದೂ ಆಗಲೇ. ಸರ್ಕಾರದ ಪ್ರೋತ್ಸಾಹಧನ ಲೀಟರಿನ ಲೆಕ್ಕದ್ದು, ಹಾಗಾಗಿ ಹಸುವಿಗೆ ಆರೈಕೆ ಅತಿ ಅಗತ್ಯವಿರುವ ಹೊತ್ತಿನಲ್ಲೇ ಅದು ಶೂನ್ಯ. ಅದರ ಒಂದು ಪಾಲನ್ನು ಗಬ್ಬದ ಕೊನೆಯ ಮೂರು ವಾರದ ಪಶು ಆಹಾರವಾಗಿ ಕೊಡಬಹುದು. ಸಂಘದ ಪುಸ್ತಕದಲ್ಲಿ ಕರು ಹಾಕಿದ ತಾರೀಖನ್ನೂ ಬರೆದಿಟ್ಟರೆ, ಮುಂದಿನ ಆರು ವಾರ ಫ್ಯಾಟ್ ಜಿಗಿದ ಕಡೆಗೆ ಕೀಟೋನ್ ಪರೀಕ್ಷಾ ಪಟ್ಟಿ ಹಿಡಿದು ಒಬ್ಬರು ಹೋಗಬಹುದು. ಬೇಗ ಗೊತ್ತಾದರೆ ವೈದ್ಯರ ಸಲಹೆಯಂತೆ ಕೆಲವು ದಿನ ಪ್ರೊಪಿಲೀನ್ ಗ್ಲೈಕಾಲ್ ಕುಡಿಸಿದರೆ ಬಹುಪಾಲು ಹಸುಗಳು ಚೇತರಿಸಿಕೊಳ್ಳುತ್ತವೆ.