ಪಂಪಿನ ಮೇಲೆ ಯಾಕೆ ತಪ್ಪು?

ಮಾಗಿಯ ಬೆಳಗಿನಲ್ಲಿ ನಮ್ಮ ಹಳೆಯ ಡೀಸೆಲ್ ಅಂಬಾಸಿಡರ್ ಸ್ಟಾರ್ಟ್ ಆಗದಿದ್ದರೆ ಮೇಸ್ತ್ರಿಯದು ಒಂದೇ ಮಾತು: "ಪಂಪ್ ಹೋಗಿದೆ ಟೀಚರ್, ಬಿಚ್ಚಬೇಕು." ಬಿಚ್ಚಿದರೆ ಸಾವಿರಗಟ್ಟಲೆ ಖರ್ಚು. ಪಂಪ್ ಹೋಗಿದ್ದರೆ ಮಧ್ಯಾಹ್ನ ಅದೇ ಗಾಡಿ ಒಂದೇ ಸಲಕ್ಕೆ ಹೊರಡುವುದು ಹೇಗೆ? ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯಿಲ್ಲ. ಒತ್ತಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತಬೇಕು. ಮೆಣಸೆಯ ಚಳಿಗೆ ಆ ಬಿಸಿ ಸಾಲದು. ಹೀಟರ್ ಪ್ಲಗ್ ಇರುವುದೇ ಅದಕ್ಕೆ, ಸಿಲಿಂಡರಿಗೊಂದರಂತೆ ನಾಲ್ಕು. ಸೆಲ್ಫ್ ಜೋರಾಗಿ ತಿರುಗಿಯೂ ಬರೀ ಬಿಳಿ ಹೊಗೆ ಬಂದರೆ ಎಣ್ಣೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲದಿದ್ದರೆ ಎಣ್ಣೆಯ ದಾರಿ ನೋಡಲಿ, ಬೇಡವೆನ್ನುವುದಿಲ್ಲ. ನಾನು ಪ್ಲಗ್ಗಿನ ವೈರ್ ಕಳಚಿ, ಬ್ಯಾಟರಿಯಿಂದ ಬಲ್ಬ್ ಮೂಲಕ ಒಂದೊಂದಕ್ಕೂ ಕರೆಂಟ್ ಕೊಟ್ಟೆ. ಎರಡಕ್ಕೆ ಬಲ್ಬ್ ಹತ್ತಲಿಲ್ಲ.

"ಯಜಮಾನರು ನೋಡಿದ್ರಾ?" ಎಂದ ಮೇಸ್ತ್ರಿ.

"ಅವರಿಗೆ ಬಾನೆಟ್ ತೆಗೆಯಲೂ ಬರುವುದಿಲ್ಲ ಮಾರಾಯ."