ಸಿರಿವಂತರ ನಡುವೆ ರಾಜ್ಯ ಕಟ್ಟುವ ಬಗೆ

ಚಾಣಕ್ಯನ ವಿಷಯವಾಗಿ ಜೈನ ಪರಂಪರೆಯಲ್ಲಿ ಒಂದು ಕಥೆಯುಂಟು. ನಂದರ ರಾಜಧಾನಿಯ ಮೇಲೆ ನೇರವಾಗಿ ಏರಿಹೋಗಿ ಸೋತು, ತಲೆಮರೆಸಿಕೊಂಡು ಅಲೆಯುತ್ತಿದ್ದ ಚಾಣಕ್ಯನು ಯಾವುದೋ ಹಳ್ಳಿಯ ಮನೆಯೊಂದರ ಬಾಗಿಲಿಗೆ ಬಂದನಂತೆ. ಒಳಗೆ ಮುದುಕಿಯೊಬ್ಬಳು ಮಕ್ಕಳಿಗೆ ಬಿಸಿ ಗಂಜಿ ಬಡಿಸಿದ್ದಳು. ಹಸಿದ ಹುಡುಗನೊಬ್ಬ ಬಟ್ಟಲಿನ ನಡುವಿಗೇ ಕೈಯಿಟ್ಟು ಬೆರಳು ಸುಟ್ಟುಕೊಂಡು ಅತ್ತ. ಇವನೂ ಆ ಚಾಣಕ್ಯನಂಥ ದಡ್ಡನೇ ಸರಿ ಎಂದು ಮುದುಕಿ ಗದರಿದಳು. ಅಂಚಿನಿಂದ ಉಣ್ಣುತ್ತ ಬಂದರೆ ಅಷ್ಟರಲ್ಲಿ ನಡುವೂ ಆರಿರುತ್ತದೆ ಎಂಬುದು ಅವಳ ಮಾತಿನ ತಾತ್ಪರ್ಯ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ 'ಪರಿಶಿಷ್ಟಪರ್ವ'ದಲ್ಲಿ ಈ ಕಥೆಯನ್ನು ಹೇಳಿದ್ದಾರೆ. ಚಾಣಕ್ಯ ಅದರಿಂದ ಬುದ್ಧಿ ತಂದುಕೊಂಡು, ಮೊದಲು ಗಡಿಸೀಮೆಯನ್ನು ಗೆದ್ದು, ಪರ್ವತಕನೆಂಬ ಅರಸನ ಸ್ನೇಹ ಸಂಪಾದಿಸಿ, ಆ ಬಳಿಕ ನಂದರ ಮೇಲೆ ಬಂದನಂತೆ. ಅವನ ಶಿಷ್ಯ ಚಂದ್ರಗುಪ್ತನೇ ಕಡೆಗಾಲದಲ್ಲಿ ಎಲ್ಲವನ್ನೂ ತೊರೆದು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ದೇಹತ್ಯಾಗ ಮಾಡಿದನೆಂದು ಅಲ್ಲಿಯ ಪರಂಪರೆ ಹೇಳುತ್ತದೆ.

ಆ ಗಂಜಿಯ ಬಟ್ಟಲು ಈಗ ಗಣಕಯಂತ್ರದ ತೆರೆಯ ಮೇಲೆ ಬಂದು ಕುಳಿತಿದೆ. ಅಮೆರಿಕದ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಸೇರಿ ರಚಿಸಿದ 'ಸಿವಿಲೈಸೇಶನ್' ಎಂಬ ಆಟ ೧೯೯೧ರಲ್ಲಿ ಹೊರಬಂತು. ೨೦೧೬ರಲ್ಲಿ ಅದರ ಆರನೆಯ ಆವೃತ್ತಿಯೂ ೨೦೨೫ರಲ್ಲಿ ಏಳನೆಯದೂ ಬಂದಿವೆ. ಆರನೆಯ ಆವೃತ್ತಿಯಲ್ಲಿ ೨೦೧೮ರಿಂದ ಚಂದ್ರಗುಪ್ತನೂ ಒಬ್ಬ ನಾಯಕ. ಕಾಲೇಜಿನ ಹುಡುಗರು ರಜೆಯ ದಿನ ಊಟದ ಕರೆಯನ್ನೂ ಮರೆತು ಕೂರುವ ಆಟಗಳಲ್ಲಿ ಇದೊಂದು. ಕ್ರಿಸ್ತಪೂರ್ವ ೪೦೦೦ದಲ್ಲಿ ಒಂದು ಬಯಲಿನ ನಡುವೆ ಆಟ ಮೊದಲಾಗುತ್ತದೆ. ನೆಲವೆಲ್ಲ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಚದುರಂಗದಂತೆಯೇ ಸರದಿಯ ಮೇಲೆ ಸರದಿ ನಡೆಯುತ್ತದೆ. ಸಾಮಾನ್ಯ ವೇಗದ ಆಟಕ್ಕೆ ೫೦೦ ಸರದಿ.

ಸಾಧಾರಣ ಮಟ್ಟದಲ್ಲಿ ಗೆದ್ದವರು ಮೇಲಿನ ಮಟ್ಟಕ್ಕೆ ಹೋಗಿ ನೂರು ಸರದಿಯೊಳಗೇ ಬೆರಳು ಸುಟ್ಟುಕೊಂಡು ಮರಳುವುದು ಸರ್ವಸಾಮಾನ್ಯ. ಏಕೆ ಹೀಗಾಗುತ್ತದೆ, ಆಗದಂತೆ ಮಾಡುವುದು ಹೇಗೆ ಎಂಬುದೇ ಈ ವಾರದ ವಿಚಾರ. ಇಲ್ಲಿ ಹೇಳುವ ಲೆಕ್ಕವೆಲ್ಲ ಆರನೆಯ ಆವೃತ್ತಿಯದು.

ಯಂತ್ರದ ಜಾಣ್ಮೆಯಲ್ಲ, ಯಂತ್ರದ ಸಿರಿ

ಆಟಕ್ಕೆ ಎಂಟು ಮಟ್ಟಗಳು: ವಲಸೆಗಾರ, ನಾಯಕ, ದಂಡನಾಯಕ, ರಾಜಕುಮಾರ, ಅರಸ, ಚಕ್ರವರ್ತಿ, ಅಮರ, ದೇವತೆ. ನಾಲ್ಕನೆಯದಾದ ರಾಜಕುಮಾರನಲ್ಲಿ ಮನುಷ್ಯನಿಗೂ ಯಂತ್ರಕ್ಕೂ ತಕ್ಕಡಿ ಸಮ. ಅಲ್ಲಿಂದ ಮೇಲೆ ಹೋದಂತೆ ಯಂತ್ರ ಹೆಚ್ಚು ಬುದ್ಧಿವಂತನಾಗುತ್ತದೆಂದು ಹೊಸಬರು ತಿಳಿಯುತ್ತಾರೆ. ಅದು ತಪ್ಪು. ಯಂತ್ರದ ಬುದ್ಧಿ ಇದ್ದಷ್ಟೇ ಇರುತ್ತದೆ. ಹೆಚ್ಚುವುದು ಅದರ ಆಸ್ತಿ.

ದೇವತೆಯ ಮಟ್ಟವನ್ನೇ ನೋಡಬಹುದು. ಆಟಗಾರನು ಒಬ್ಬ ವಲಸೆಗಾರ, ಒಬ್ಬ ಯೋಧ, ಇಷ್ಟರಿಂದಲೇ ಸಂಸಾರ ಹೂಡಬೇಕು. ಎದುರಾಳಿ ಅರಸರಲ್ಲಿ ಪ್ರತಿಯೊಬ್ಬನಿಗೂ ಮೂವರು ವಲಸೆಗಾರರು, ಐವರು ಯೋಧರು, ಇಬ್ಬರು ಕೆಲಸಗಾರರು. ಅವರ ಊರುಗಳ ಉತ್ಪಾದನೆಗೂ ಹೊನ್ನಿಗೂ ನೂರಕ್ಕೆ ೮೦ ಹೆಚ್ಚುವರಿ. ವಿಜ್ಞಾನ, ಸಂಸ್ಕೃತಿ, ಶ್ರದ್ಧೆಗಳಿಗೆ ನೂರಕ್ಕೆ ೩೨. ಕಾಳಗದಲ್ಲಿ ಅವರ ಪ್ರತಿ ದಳಕ್ಕೂ ೪ ಅಂಕದ ಬಲ ಪುಕ್ಕಟೆ. ಆಟಗಾರನ ಊರು ೯ ಸರದಿಯಲ್ಲಿ ಮುಗಿಸುವ ಕೆಲಸವನ್ನು ಅಷ್ಟೇ ಸಾರದ ಯಂತ್ರದ ಊರು ೫ ಸರದಿಯಲ್ಲಿ ಮುಗಿಸುತ್ತದೆಂದರೆ ಅಂತರ ತಿಳಿಯುತ್ತದೆ.

ಆದುದರಿಂದ ಇದು ಬಡ ಸಂಸಾರವೊಂದು ಸಿರಿವಂತರ ಬೀದಿಯಲ್ಲಿ ಮನೆ ಮಾಡಿದಂತೆ. ಪಕ್ಕದ ಮನೆಯವರು ತಂದುದನ್ನೆಲ್ಲ ತರಹೊರಟರೆ ತಿಂಗಳ ನಡುವೆಯೇ ಕೈ ಖಾಲಿ. ಸ್ಟೋನ್‌ಹೆಂಜ್, ತೂಗುತೋಟ ಮೊದಲಾದ ಆದಿಕಾಲದ ಮಹಾದ್ಭುತಗಳನ್ನು ಕಟ್ಟುವ ಆಸೆ ಇಂಥದೇ. ಲೋಕದಲ್ಲಿ ಒಂದೊಂದು ಅದ್ಭುತಕ್ಕೂ ಒಬ್ಬನೇ ಒಡೆಯ. ಅರ್ಧ ಕಟ್ಟಿರುವಾಗ ಶ್ರೀಮಂತ ನೆರೆಯವನು ಪೂರ್ತಿ ಮಾಡಿಬಿಡುತ್ತಾನೆ. ಕಳೆದ ಸರದಿಗಳು ಮರಳಿ ಬಾರವು. ಮೊದಲ ನೂರು ಸರದಿಯಲ್ಲಿ ಅದ್ಭುತಗಳತ್ತ ತಲೆಯೆತ್ತಿಯೂ ನೋಡಬಾರದೆಂಬುದು ಅನುಭವಿಗಳ ಮೊದಲ ಕಟ್ಟಳೆ.

ಮೊದಲ ಖರ್ಚು

ಹಾಗಾದರೆ ಇರುವ ಚಿಕ್ಕಾಸನ್ನು ಯಾವುದಕ್ಕೆ ಹಾಕಬೇಕು? ಬೇಹುಗಾರನಿಗೆ ೩೦ ಅಂಕದ ಉತ್ಪಾದನೆ ಬೇಕು, ಕವಣೆಗಾರನಿಗೆ ೩೫, ಯೋಧನಿಗೆ ೪೦, ಕೆಲಸಗಾರನಿಗೆ ೫೦, ಮೊದಲ ವಲಸೆಗಾರನಿಗೆ ೮೦, ಅಲ್ಲಿಂದ ಮುಂದೆ ಪ್ರತಿಯೊಬ್ಬನಿಗೂ ಬೆಲೆ ಏರುತ್ತದೆ. ಬಲ್ಲವರು ಸಾಮಾನ್ಯವಾಗಿ ಮೊದಲು ಬೇಹುಗಾರ, ಬಳಿಕ ಒಬ್ಬರೋ ಇಬ್ಬರೋ ಕವಣೆಗಾರರು, ಆ ಬಳಿಕ ವಲಸೆಗಾರ ಎಂಬ ಕ್ರಮವನ್ನು ಹಿಡಿಯುತ್ತಾರೆ.

ಈ ಕ್ರಮಕ್ಕೆ ಕಾರಣವುಂಟು. ವಲಸೆಗಾರನು ಹೊರಟಾಗ ಊರಿನ ಜನಸಂಖ್ಯೆಯಲ್ಲಿ ಒಂದು ಕಡಮೆಯಾಗುತ್ತದೆ. ಆದುದರಿಂದ ಊರು ಎರಡಕ್ಕೆ ಬೆಳೆಯುವ ತನಕ ಅವನನ್ನು ಕಳುಹಿಸುವಂತಿಲ್ಲ. ಆ ಬಿಡುವಿನಲ್ಲಿ ಬೇಹುಗಾರನು ಸಿದ್ಧನಾಗಿ ಸುತ್ತಣ ಸೀಮೆಯನ್ನು ನೋಡಿಬರುತ್ತಾನೆ. ನಗರರಾಜ್ಯವೊಂದನ್ನು ಎಲ್ಲರಿಗಿಂತ ಮೊದಲು ಕಂಡವರಿಗೆ ಅಲ್ಲಿ ಒಬ್ಬ ದೂತನ ಸ್ಥಾನ ಬಿಟ್ಟಿಯಾಗಿ ದೊರೆಯುತ್ತದೆ. ಮೂರು ನಗರರಾಜ್ಯಗಳ ಪರಿಚಯವಾದರೆ ರಾಜ್ಯಪದ್ಧತಿಯ ವಿದ್ಯೆ ಬೇಗ ಕೈಗೂಡುತ್ತದೆ. ಕವಣೆಗಾರನು ಒಂದು ಶತ್ರುದಳವನ್ನು ಕೊಂದರೆ ಬಿಲ್ವಿದ್ಯೆಯ ಪಾಠದಲ್ಲಿ ದೊಡ್ಡ ಪಾಲು ಅಲ್ಲಿಗೇ ಮುಗಿಯುತ್ತದೆ. ಮೂರು ಮನೆಗಳನ್ನು ಹಸನು ಮಾಡಿದರೆ ಕುಶಲಕಲೆ ಬೇಗ ಬರುತ್ತದೆ; ಒಟ್ಟು ಜನಸಂಖ್ಯೆ ಆರಾದರೆ ಆದಿಸಾಮ್ರಾಜ್ಯದ ವಿದ್ಯೆ. ಈ ಕಡೆಯದು ಬಂದ ಮೇಲೆ ವಲಸೆಗಾರರನ್ನು ಸಿದ್ಧಪಡಿಸುವ ಕೆಲಸಕ್ಕೆ ನೂರಕ್ಕೆ ೫೦ ವೇಗ ಕೊಡುವ ಒಂದು ರಾಜನೀತಿ ದೊರೆಯುತ್ತದೆ. ಬಡವನಿಗೆ ಇಂಥ ರಿಯಾಯಿತಿಗಳೇ ಉಳಿತಾಯ. ಮಾಡುವ ಕೆಲಸವನ್ನೇ ಸರಿಯಾದ ಕ್ರಮದಲ್ಲಿ ಮಾಡಿದರೆ ಒಂದು ಖರ್ಚಿಗೆ ಎರಡು ಫಲ.

ಇನ್ನೊಂದು ಎಚ್ಚರಿಕೆ. ಆಟವು 'ಬರ್ಬರ'ರೆಂದು ಕರೆಯುವ ಜನರ ಬೇಹುಗಾರನು ಊರಿನ ಬಳಿ ಸುಳಿದು, ಅದನ್ನು ಕಂಡು, ತನ್ನ ಬೀಡಿಗೆ ಮರಳಿದನೆಂದರೆ ಹಿಂದೆಯೇ ದಾಳಿ ಬರುತ್ತದೆ. ಅವನ ತಲೆಯ ಮೇಲೆ ಉದ್ಗಾರ ಚಿಹ್ನೆ ಕಂಡಿತೆಂದರೆ ಮಿಕ್ಕ ಕೆಲಸ ಬಿಟ್ಟು ಅವನ ದಾರಿಯನ್ನು ಅಡ್ಡಗಟ್ಟಬೇಕು. ಮೊದಲ ಯೋಧನನ್ನು ದೂರ ದೇಶ ನೋಡಲು ಕಳುಹಿಸಿ ಊರನ್ನು ಬರಿದು ಮಾಡಿದವರು ಈ ಒಂದು ತಪ್ಪಿನಿಂದಲೇ ಎಷ್ಟೋ ಆಟಗಳನ್ನು ಕಳೆದುಕೊಂಡಿದ್ದಾರೆ.

ನೆಲವೇ ಕೋಟೆ

ನೆರೆಯ ಅರಸನು ಐವರು ಯೋಧರೊಡನೆ ಮೊದಲಲ್ಲೇ ಏರಿಬರುವುದೂ ಉಂಟು. ಯೋಧನ ಬಲ ೨೦ ಅಂಕ. ಯಂತ್ರದ ಯೋಧನಿಗೆ ಹೆಚ್ಚುವರಿ ಸೇರಿ ೨೪. ಬಯಲಿನಲ್ಲಿ ಎದುರುಬದುರು ನಿಂತು ಹೊಡೆದಾಡಿದರೆ ಬಡವನಿಗೆ ಸೋಲು ಖಂಡಿತ. ಆದರೆ ಗುಡ್ಡದ ಮೇಲೆ ನಿಂತವನಿಗೆ ೩ ಅಂಕ ಹೆಚ್ಚು. ಕಾಡಿನಲ್ಲಿ ನಿಂತರೂ ೩. ಹೊಳೆ ದಾಟಿ ಹೊಡೆಯುವವನಿಗೆ ೫ ಅಂಕದ ನಷ್ಟ. ಕದಲದೆ ಎರಡು ಸರದಿ ಬೀಡುಬಿಟ್ಟು ನಿಂತವನಿಗೆ ೬ ಅಂಕದ ಲಾಭ. ಹೊಳೆಯ ಈಚೆ ದಡದ ಗುಡ್ಡದ ಮೇಲೆ ನಿಂತವನು ೮ ಅಂಕ ಗಳಿಸಿದನು; ದೇವತೆ ಕೊಟ್ಟ ೪ ಅಂಕ ಅಲ್ಲಿಗೆ ಮುಳುಗಿತು. ಅವನ ಹಿಂದೆ ಎರಡು ಮನೆ ದೂರದಿಂದ ಬಾಣ ಬಿಡುವ ಬಿಲ್ಲುಗಾರರು ಇಬ್ಬರು ಮೂವರಿದ್ದರೆ, ಒಬ್ಬೊಬ್ಬನಾಗಿ ಮುಂದೆ ಬರುವ ಯಂತ್ರದ ಯೋಧರು ಒಬ್ಬೊಬ್ಬರಾಗಿಯೇ ಬೀಳುತ್ತಾರೆ. ಸಿರಿಯಿದ್ದರೂ ದಂಡು ನಡೆಸುವ ಜಾಣ್ಮೆ ಯಂತ್ರಕ್ಕೆ ಕಡಮೆ. ಹೊಸ ಊರಿಗೆ ಸ್ಥಳ ನೋಡುವಾಗಲೇ ಗುಡ್ಡ, ಹೊಳೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಇದಕ್ಕಾಗಿಯೇ.

ಹೊಳೆಗೆ ಇನ್ನೊಂದು ಬೆಲೆಯೂ ಉಂಟು. ಸಿಹಿನೀರಿನ ದಡದ ಊರಿಗೆ ಮೊದಲಲ್ಲೇ ೫ ಅಂಕದ ವಸತಿ. ಕಡಲ ತೀರಕ್ಕೆ ೩. ನೀರಿಲ್ಲದ ಕಡೆ ೨. ನೀರಿಲ್ಲದ ಊರು ಬೆಳೆಯದು, ಬೆಳೆಯದ ಊರಿನಿಂದ ವಲಸೆಗಾರರು ಹೊರಡರು.

ನೆರೆಹೊರೆ

ಸಿರಿವಂತ ನೆರೆಯವನು ಭಯಕ್ಕೆ ಮಾತ್ರ ಕಾರಣನಲ್ಲ. ಅವನ ಸಿರಿಯಲ್ಲಿ ಬಡವನಿಗೂ ಪಾಲುಂಟು. ಮೊದಲ ಭೇಟಿಯಲ್ಲಿಯೇ ೨೫ ಹೊನ್ನು ಖರ್ಚು ಮಾಡಿ ನಿಯೋಗ ಕಳುಹಿಸಬೇಕು; ಮನಸ್ಸು ಕೆಟ್ಟ ಮೇಲೆ ಕಳುಹಿಸಿದರೆ ಸ್ವೀಕಾರವಾಗದು. ಕೆಲವು ಸರದಿ ಕಳೆದು ಸ್ನೇಹಘೋಷಣೆಗೆ ಒಪ್ಪಿಸಿದರೆ, ಸಾಮಾನ್ಯ ವೇಗದ ಆಟದಲ್ಲಿ ೩೦ ಸರದಿಯ ತನಕ ಅವನು ಯುದ್ಧ ಸಾರುವಂತಿಲ್ಲ. ಆ ಮೂವತ್ತು ಸರದಿ ಬಡವನ ಪಾಲಿಗೆ ಹತ್ತು ಯೋಧರಿಗಿಂತ ದೊಡ್ಡ ರಕ್ಷೆ. ಹೆಚ್ಚಾದ ದಂತ, ರೇಷ್ಮೆ, ಮಸಾಲೆಗಳನ್ನು ಅವನಿಗೇ ಮಾರಿ ಹೊನ್ನು ಪಡೆಯಬಹುದು. ಆ ಹೊನ್ನಿನಿಂದ ಕೆಲಸಗಾರನನ್ನೋ ವಲಸೆಗಾರನನ್ನೋ ಕೊಳ್ಳಬಹುದು. ಚಾಣಕ್ಯನು ಪರ್ವತಕನ ಬಾಗಿಲಿಗೆ ಹೋದದ್ದೂ ಇಂಥದೇ ಲೆಕ್ಕದಿಂದ.

ಸ್ನೇಹದಿಂದ ದೊರೆತ ಬಿಡುವಿನಲ್ಲಿ ಮಾಡತಕ್ಕ ಕೆಲಸ ಒಂದೇ: ಊರುಗಳನ್ನು ಹೂಡುವುದು. ನೂರನೆಯ ಸರದಿಯ ಹೊತ್ತಿಗೆ ಹತ್ತು ಊರು ಎಂಬುದು ಅನುಭವಿ ಆಟಗಾರರ ಗುರಿ. ಮೊದಲು ನೆರೆಯವನ ಕಡೆಗಿರುವ ಒಳ್ಳೆಯ ನೆಲವನ್ನು ಹಿಡಿಯಬೇಕು. ಬೆನ್ನ ಹಿಂದಿನ ನೆಲ ಎಲ್ಲಿಗೂ ಹೋಗದು. ಆದರೆ ತೀರ ಅವನ ಮಡಿಲಿಗೇ ಹೋಗಿ ಕೂರಬಾರದು. ೨೦೧೮ರ 'ರೈಸ್ ಅಂಡ್ ಫಾಲ್' ಎಂಬ ವಿಸ್ತರಣೆಯಿಂದೀಚೆಗೆ ಊರಿನ ಜನರ ನಿಷ್ಠೆಯೂ ಲೆಕ್ಕಕ್ಕೆ ಬಂದಿದೆ. ಪರರ ದೊಡ್ಡ ಊರುಗಳ ನಡುವೆ ಸಿಕ್ಕಿದ ಚಿಕ್ಕ ಊರು ಕೆಲವೇ ಸರದಿಯಲ್ಲಿ ಕೈಬಿಟ್ಟುಹೋಗುತ್ತದೆ. ವಿದ್ಯಾಪೀಠದಂಥ ವಿಶೇಷ ಕೇರಿಗಳನ್ನು ಕಟ್ಟಲು ವಿದ್ಯೆ ಹೆಚ್ಚಿದಂತೆಲ್ಲ ಬೆಲೆ ಏರುತ್ತದೆ. ಆದರೆ ಜಾಗ ಗುರುತಿಸಿದ ದಿನದ ಬೆಲೆಯೇ ಕಡೆಯವರೆಗೂ ನಿಲ್ಲುತ್ತದೆ. ಕಟ್ಟುವುದು ತಡವಾದರೂ ಪಾಯದ ಗೆರೆಯನ್ನು ಬೇಗ ಹಾಕಿಬಿಡುವುದು ಲೇಸು.

ಮತ್ತೆ ಮೊದಲಿಂದ

ಇಷ್ಟೆಲ್ಲ ತಿಳಿದಿದ್ದರೂ ಮರಳುಗಾಡಿನ ಅಂಚಿನಲ್ಲಿ, ಹೊಳೆಯಿಲ್ಲದೆ, ಇಬ್ಬರು ಯುದ್ಧಪ್ರಿಯ ಅರಸರ ನಡುವೆ ಆಟ ಮೊದಲಾದರೆ ಎದೆ ಕುಂದುವುದು ಸಹಜ. ಬಹುಮಂದಿ ಆ ಕ್ಷಣವೇ ಆಟವನ್ನಳಿಸಿ ಬೇರೆ ನೆಲ ಹುಡುಕುತ್ತಾರೆ. ಒಂದು ಸಂಜೆಯಲ್ಲಿ ಹತ್ತು ಬಾರಿ ಹುಡುಕುವವರೂ ಇದ್ದಾರೆ. ಕೆಲವು ಆರಂಭಗಳು ನಿಜವಾಗಿಯೂ ಕೆಟ್ಟವು. ಹತ್ತನೆಯ ಸರದಿಯಲ್ಲಿ ಐವರು ಯೋಧರು ಬಾಗಿಲಿಗೆ ಬಂದರೆ ಯಾರೂ ಹೆಚ್ಚೇನೂ ಮಾಡಲಾರರು. ಅದನ್ನು ಬಿಟ್ಟೇಳುವುದರಲ್ಲಿ ನಾಚಿಕೆಯಿಲ್ಲ. ಆದರೆ ಒಳ್ಳೆಯ ನೆಲ ಸಿಕ್ಕಿದಾಗ ಮಾತ್ರ ಆಡುವವನು ಒಳ್ಳೆಯ ನೆಲದಲ್ಲಿ ಆಡುವುದನ್ನಷ್ಟೇ ಕಲಿಯುತ್ತಾನೆ. ಗುಡ್ಡವನ್ನು ಕೋಟೆಯನ್ನಾಗಿಯೂ ನೆರೆಯವನನ್ನು ಗಿರಾಕಿಯನ್ನಾಗಿಯೂ ಕಾಣುವ ಕಣ್ಣು ಇಕ್ಕಟ್ಟಿನಲ್ಲಿ ಸಿಕ್ಕಿದವನಿಗೇ ತೆರೆಯುತ್ತದೆ.

ಸೋತ ಬಾಲಕನು ಯಂತ್ರ ಮೋಸ ಮಾಡುತ್ತಿದೆಯೆಂದು ಮುನಿದೆದ್ದರೆ, ಹಿರಿಯರು ಅವನ ಮಾತನ್ನು ತೆಗೆದುಹಾಕಬಾರದು. ಅವನು ಹೇಳುವುದು ನಿಜ. ತಕ್ಕಡಿ ಸಮವಿಲ್ಲ, ಸಮವಿಲ್ಲದಂತೆಯೇ ಅದನ್ನು ಮಾಡಿದ್ದಾರೆ. ಅದನ್ನು ಒಪ್ಪಿಕೊಂಡ ಮೇಲೆ ಕೇಳಬೇಕಾದ ಪ್ರಶ್ನೆ ಬೇರೆ: ಎದುರಾಳಿಯ ಕೈಯಲ್ಲಿ ಎಷ್ಟಿದೆ ಎಂಬುದು ತಿಳಿಯಿತು, ತನ್ನ ಕೈಯಲ್ಲಿ ಏನೇನಿದೆ? ಹೊಳೆಯಿದೆಯೆ, ಗುಡ್ಡವಿದೆಯೆ, ಮಾರಲು ದಂತವಿದೆಯೆ, ಇನ್ನೂ ಮುನಿಯದ ನೆರೆಯವನೊಬ್ಬನಿದ್ದಾನೆಯೆ? ಅನ್ಯಾಯವನ್ನು ಕಂಡು ಆಟ ಬಿಟ್ಟವನಿಗೂ, ಕಾಣದೆ ನಡುವಿಗೇ ಕೈಯಿಟ್ಟವನಿಗೂ ಈ ಎಣಿಕೆ ದೊರೆಯದು.

ಮಟ್ಟಗಳನ್ನು ಒಂದೊಂದಾಗಿ ಏರುವುದೇ ಕ್ಷೇಮ. ರಾಜಕುಮಾರನಿಂದ ಅರಸ, ಅರಸನಿಂದ ಚಕ್ರವರ್ತಿ. ಪ್ರತಿ ಮೆಟ್ಟಿಲಿಗೂ ಯಂತ್ರದ ಉತ್ಪಾದನೆಯ ಹೆಚ್ಚುವರಿ ನೂರಕ್ಕೆ ೨೦ರಂತೆ ಏರುತ್ತದೆ. ದೇವತೆಯ ಮಟ್ಟದಲ್ಲಿ ಮೊದಲ ಸಲವೇ ಗೆಲ್ಲುವವರು ವಿರಳ. ಸೋತ ಆಟದಲ್ಲಿ ಬೆರಳು ಸುಟ್ಟದ್ದು ಎಷ್ಟನೆಯ ಸರದಿಯಲ್ಲಿ, ಯಾವ ಆಸೆಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಊಟ ಮುಗಿಸಿ, ಮುಂದಿನ ಆಟಕ್ಕೆ ಕುಳಿತರೆ ಸಾಕು.